ಹರಕುಗಿವಿಯ ರಕ್ತ

ಜನವರಿ 18, ಶನಿವಾರ. ಲಿಂಗಸುಗೂರು

ಇವತ್ತೂ ಮನೆಯ ಗೇಟಿನಲ್ಲೇ ತಡೆ. ದಾದಿ, ಅಂದರೆ ಅಪ್ಪನ ಅಮ್ಮ, ಕಟ್ಟೆಯ ಮೇಲೆ ಕೂತು ಬೆರಳು ತೋರಿಸಿದಳು. ಫಿನಾಯಿಲ್ ಬಕೆಟ್. ಬೂಟು ಅದರಲ್ಲಿ. ಮೇಲಂಗಿ ಮುಚ್ಚಳದ ಡಬ್ಬದಲ್ಲಿ. ಹಿತ್ತಲ ಬಚ್ಚಲಲ್ಲಿ ತಲೆಯಿಂದ ನೀರು. ಆಮೇಲಷ್ಟೇ ಒಳಗೆ.

"ಅಂದರ್ ನಕ್ಕೊ ಬೇಟಾ, ಪಹಲೇ ಪಾನಿ! ಹಂದಿ ಮುಟ್ಟಿ ಬಂದು ನನ್ನ ಚಾಪಿ ತುಳದಿ ಅಂದ್ರ ನೋಡು."

ಕಾಲೇಜಿನಲ್ಲಿ ಇದನ್ನೇ ಅರ್ಧ ದಿನ ಪಾಠ ಮಾಡಿದ್ದರು — ಒಂದು ದೊಡ್ಡಿಯ ರೋಗ ಇನ್ನೊಂದಕ್ಕೆ ಹೋಗದಂತೆ ಏನೇನು ಮಾಡಬೇಕು ಅಂತ. ಎಪ್ಪತ್ತೆಂಟರ ದಾದಿ ಜೈನಾಬೀ ಒಂದೇ ವಾಕ್ಯದಲ್ಲಿ ಮುಗಿಸಿದ್ದಾಳೆ. ಎರಡು ವರ್ಷದ ಹಿಂದೆ ನನ್ನ ಪಿಎಚ್‌ಡಿ ಹಂದಿಯ ಮೇಲೆ ಅಂದಾಗ ಮೂರು ದಿನ ಮಾತು ಬಿಟ್ಟಿದ್ದಳು. ನಾಲ್ಕನೇ ದಿನ ಈ ಬಕೆಟ್ ತಂದಿಟ್ಟಳು. "ಜಾನವರ್ ಐತಿ. ಜಡ್ಡು ಬಂದ್ರ ಅದಕ್ಕೂ ಡಾಕ್ಟರ್ ಬೇಕು. ಆದ್ರ ತೊಳಕೊಂಡ ಬಾ." ಆ ವಿಷಯ ಅಲ್ಲಿಗೆ ಮುಗಿಯಿತು.

ಇವತ್ತು ಮಸ್ಕಿಯಲ್ಲಿ ಹುಲಿಗೆಮ್ಮಕ್ಕನ ದೊಡ್ಡಿ. ಹಳ್ಳದ ದಂಡೆಗೆ ಇಪ್ಪತ್ಮೂರು ನಾಟಿ ಕರಿ ಹಂದಿ. ಹನ್ನೊಂದರ ರಕ್ತ ತೆಗೆದು ಐಸ್ ಡಬ್ಬದಲ್ಲಿ ಬೀದರ್ ಲ್ಯಾಬಿಗೆ ಕಳಿಸಿದೆ. ಹರಕುಗಿವಿ ಮತ್ತೆ ಹಗ್ಗ ಕಡಿದಳು. ಎಡಗಿವಿಯನ್ನು ಯಾವಾಗಲೋ ನಾಯಿ ಹರಿದಿದೆ, ಅದಕ್ಕೇ ಆ ಹೆಸರು. ಈಗ ಗಬ್ಬ. ಹುಲಿಗೆಮ್ಮಕ್ಕ ಕಾಲಿನಿಂದ ಒತ್ತಿ ಹಿಡಿದು, "ಲಗೂನ ತಗೊ ಡಾಕ್ಟರವ್ವ, ಈಕಿಗೆ ಸಿಟ್ಟು ಬಂದ್ರ ನನ್ನೂ ಬಿಡಂಗಿಲ್ಲ" ಅಂದಳು.

ಸಂಜೆ ಗೈಡ್ ಸರ್ ಫೋನು. "ರಕ್ತ ಸಂಗ್ರಹ ಶುರುವಾಗಿ ಎಂಟು ತಿಂಗಳಾಯ್ತು ತಮನ್ನಾ. ಎಲ್ಲ ಆರೋಗ್ಯವಂತ ಹಂದಿಗಳ ರಕ್ತ. ರೋಗವೇ ಬಾರದೆ ರೋಗನಿರೋಧದ ಥೀಸಿಸ್ ಹೇಗೆ ಬರೀತೀಯಾ?"

ನಿಜ. ನನಗೆ ಬೇಕಾದ ಪ್ರಶ್ನೆ ಇಷ್ಟೇ: ಹಂದಿಜ್ವರದ ವೈರಸ್ — ಮನುಷ್ಯರ ಫ್ಲೂ ಅಲ್ಲ, ಹಂದಿಗೇ ಬರುವುದು — ಮೈಗೆ ಹೊಕ್ಕಾಗ ಯಾವ ಜೀನ್‌ಗಳು ಎಚ್ಚರಗೊಳ್ಳುತ್ತವೆ, ಯಾವಾಗ, ಎಷ್ಟು? ಒಂದೇ ದೊಡ್ಡಿಯಲ್ಲಿ ಒಂದು ಸತ್ತು ಇನ್ನೊಂದು ಬದುಕುವುದು ಏಕೆ? ಉತ್ತರ ಬೇಕಾದರೆ ರೋಗ ಬರಬೇಕು. ರೋಗ ಬರಲಿ ಅಂತ ಕೇಳಿಕೊಳ್ಳುವ ಡಾಕ್ಟರ್ ಎಂಥವಳು?

ಜನವರಿ 24, ಶುಕ್ರವಾರ. ಸಿಂಧನೂರು

ಬಂದಿದೆ.

ದಢೇಸುಗೂರು. ಕಾಲುವೆ ಪಕ್ಕದ ದೊಡ್ಡಿ. ಯಜಮಾನ ದುರುಗಪ್ಪ, ಹುಲಿಗೆಮ್ಮಕ್ಕನ ಸ್ವಂತ ತಮ್ಮ. ನಾನು ಹೋಗುವಷ್ಟರಲ್ಲಿ ಏಳು ಸತ್ತಿದ್ದವು. ಉಳಿದವು ಒಂದರ ಮೇಲೊಂದು ಬಿದ್ದು ನಡುಗುತ್ತಿದ್ದವು. ಕಿವಿ, ಹೊಟ್ಟೆ ನೇರಳೆ. ಜ್ವರ ನೂರ ಆರು. ಹಿಂಗಾಲು ತೂರಾಡುತ್ತಿವೆ.

ದುರುಗಪ್ಪ ಗದ್ದೆಯ ಬದುವಿನ ಮೇಲೆ ಕೂತಿದ್ದ. "ಸೋಮವಾರ ಚಲೋ ಇದ್ವು ರೀ ಮೇಡಂ. ಒಂದಾ ಸತ್ತಿತ್ತು ಅಷ್ಟಾ." ಮುಖ ತಿರುಗಿಸಿದ. ಏನೋ ನುಂಗಿಕೊಂಡ ಹಾಗಿತ್ತು. ಕೇಳಲಿಲ್ಲ. ಕೇಳಬೇಕಿತ್ತು.

ತಾಲ್ಲೂಕು ಪಶು ಆಸ್ಪತ್ರೆಯ ಡಾ. ಸಿದ್ದಲಿಂಗೇಶ್ ಸ್ಯಾಂಪಲ್ ಬೆಂಗಳೂರಿಗೆ ಕಳಿಸಿದರು. ಎರಡು ಸಾಧ್ಯತೆ. ನಮ್ಮ ಹಳೆಯ ಹಂದಿಜ್ವರವಾದರೆ ಲಸಿಕೆ ಇದೆ. ಆಫ್ರಿಕನ್ ಹಂದಿಜ್ವರವಾದರೆ ಲಸಿಕೆ ಇಲ್ಲ, ಸುತ್ತಲ ಹಂದಿಗಳನ್ನೆಲ್ಲ ಕೊಲ್ಲಬೇಕು. ಎರಡಕ್ಕೂ ಹೊರಗಿನ ಲಕ್ಷಣ ಒಂದೇ. ಕಾಯಬೇಕು.

ದನಗಳಿಗೆ ಕೊಡುವ ವೀರ್ಯದ ಸ್ಟ್ರಾ ಇಡುವ, ಕೊರೆಯುವ ನೈಟ್ರೋಜನ್ ದ್ರವದ ಕ್ಯಾನ್ ಒಂದನ್ನು ಡಾಕ್ಟರ್ ಖಾಲಿ ಮಾಡಿ ನನ್ನ ಕೈಗಿಟ್ಟರು. "ನಿಮ್ಮ ಟ್ಯೂಬ್ ಇದರಾಗ ಇಡ್ರಿ. ನಮ್ಮ ಎಮ್ಮಿಗೋಳು ತಿಂಗಳ ತಡಕೋತಾವ." ಅಪ್ಪಿಕೊಳ್ಳೋಣ ಅನ್ನಿಸಿತು. ರಕ್ತದಲ್ಲಿ ನನಗೆ ಬೇಕಾದ ಆರ್‌ಎನ್‌ಎ — ಜೀನ್ ಎಚ್ಚರವಾಗಿದೆಯೋ ಮಲಗಿದೆಯೋ ಹೇಳುವುದು ಅದೇ — ಸೆಕೆಗೆ ತಾಸಿನೊಳಗೆ ಚೂರಾಗುತ್ತದೆ.

ಜನವರಿ 27, ಸೋಮವಾರ. ಮಸ್ಕಿ, ಬಸ್ ಸ್ಟ್ಯಾಂಡ್

ಬೆಳಿಗ್ಗೆ ಏಳಕ್ಕೆ ಹುಲಿಗೆಮ್ಮಕ್ಕನ ಫೋನು. "ಎರಡು ಮಲಗಿ ಬಿಟ್ಟಾವ. ಲಗೂ ಬಾ."

ಬಸ್ಸು ಹತ್ತಿದೆ. ದಢೇಸುಗೂರಿನಿಂದ ನಾನೇ ಹೊತ್ತು ತಂದೆನೇ? ಬೂಟಿಗೆ? ಹಗ್ಗಕ್ಕೆ? ಒಂದೊಂದನ್ನೂ ನೆನೆಸಿಕೊಂಡೆ. ಬಕೆಟ್. ಡಬ್ಬ. ಬೇರೆ ಹಗ್ಗ. ನಡುವೆ ನಾನು ಮಸ್ಕಿಗೆ ಬಂದೇ ಇಲ್ಲ. ಆದರೂ…

ಮಲಗಿದ ಎರಡನ್ನು ನೋಡಿದೆ. ಈ ದೊಡ್ಡಿಯವಲ್ಲ. ನನ್ನ ಪಟ್ಟಿಯಲ್ಲಿ ಇಲ್ಲ.

"ಇವು ಯಾರವು ಅಕ್ಕಾ?"

"ತಮ್ಮಂದು. ಹ್ವಾದ ಸೋಮವಾರ ಆಟೋದಾಗ ಹಾಕ್ಕೊಂಡು ತಂದು ಬಿಟ್ಟ ಹ್ವಾದ. ಚಲೋ ಎರಡರೆ ಉಳೀಲಿ, ಇಟ್ಕೊ ಅಂದ." ನಿಂತಳು. ನನ್ನ ಮುಖ ನೋಡಿದಳು. "ಅಲ್ಲಿ ಜಡ್ಡು ಇತ್ತೇನು?"

ಹೇಳಿದೆ. ಮರೆಮಾಚಿ ಪ್ರಯೋಜನವಿಲ್ಲ. ಅವಳು ಬೈಯಲಿಲ್ಲ. ತೊಟ್ಟಿಯ ಅಂಚಿಗೆ ಕೂತು, "ಉಳಸಾಕ ತಂದಾನ ನೋಡು" ಅಂದಳು ಅಷ್ಟೇ.

ಈಗ ಬರೆಯಲು ನಾಚಿಕೆಯಾಗುವುದನ್ನು ಬರೆಯುತ್ತೇನೆ. ಯಾರೂ ಓದುವುದಿಲ್ಲವಲ್ಲ. ಅವಳ ಪಕ್ಕ ಕೂತಿದ್ದಾಗ ನಾನು ಲೆಕ್ಕ ಹಾಕುತ್ತಿದ್ದೆ — ಅವಳ ನಷ್ಟದ್ದಲ್ಲ. ಒಂಬತ್ತೇ ದಿನದ ಹಿಂದೆ ಹನ್ನೊಂದರ ರಕ್ತ ತೆಗೆದಿದ್ದೇನೆ. ರೋಗ ಬರುವ ಮೊದಲಿನದು ಕೈಯಲ್ಲಿದೆ. ಈಗ ಬರುವಾಗಿನದು, ಆಮೇಲಿನದು. ಅವೇ ಪ್ರಾಣಿಗಳು. ಇಂಥದ್ದು ಯಾರಿಗೆ ಸಿಗುತ್ತದೆ?

ಹನ್ನೊಂದೂ ಟ್ಯೂಬ್ ತುಂಬಿದೆ.

ಜನವರಿ 28, ಮಂಗಳವಾರ

ರಿಪೋರ್ಟ್ ಬಂತು. ಆಫ್ರಿಕನ್ ಅಲ್ಲ! ಹಳೆಯ ಹಂದಿಜ್ವರ. ಡಾ. ಸಿದ್ದಲಿಂಗೇಶ್ ಫೋನಿನಲ್ಲಿ ಕೂಗಿಯೇ ಹೇಳಿದರು. ಕೊಲ್ಲುವ ಮಾತಿಲ್ಲ. ರಾಯಚೂರಿನಿಂದ ಲಸಿಕೆ ಮಧ್ಯಾಹ್ನಕ್ಕೆ.

ಸಂಜೆವರೆಗೆ ಮಸ್ಕಿ ಪಕ್ಕದ, ರೋಗ ಇನ್ನೂ ಬಾರದ ಪಾಮನಕಲ್ಲೂರಿನಲ್ಲಿ. ಅಲ್ಲಿನ ಮೂವತ್ತೊಂದು ಹಂದಿಗಳಿಗೂ ಚುಚ್ಚಿದೆವು. ಅಲ್ಲಿಗೆ ರೋಗ ಹಾದಿದ್ದರೆ ನನಗೆ ಹೋಲಿಸಲು ಇನ್ನೊಂದು ಗುಂಪು ಸಿಗುತ್ತಿತ್ತು. ಗೈಡ್ ಸರ್‌ಗೆ ಹೇಳಿದೆ. "ಸರಿ ಮಾಡಿದೆ" ಅಂದರು. ಕೈ ತಪ್ಪಿದ್ದು ಏನು ಅಂತ ಇಬ್ಬರಿಗೂ ಗೊತ್ತು.

ಮಸ್ಕಿಯ ದೊಡ್ಡಿಗೆ ಲಸಿಕೆ ಹಾಕುವ ಹೊತ್ತು ಮೀರಿತು. ಅಲ್ಲಿ ಆಗಲೇ ಒಳಗೆ ಹೊಕ್ಕಿದೆ.

ಜನವರಿ 30, ಗುರುವಾರ. ಮಸ್ಕಿ

ತಮ್ಮ ತಂದ ಎರಡೂ ಸತ್ತವು. ಅಕ್ಕನವು ನಾಲ್ಕು. ಜ್ವರ ಈಗ ಎಲ್ಲಕ್ಕೂ. ಹರಕುಗಿವಿಗೆ ನಿನ್ನೆಯಿಂದ 105.8. ಹೊಟ್ಟೆಯಲ್ಲಿ ಮರಿ. ಗಬ್ಬದ ಅರ್ಧ ದಾರಿಯಲ್ಲಿದ್ದಾಳೆ. ವೈರಸ್‌ಗೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ — ಗರ್ಭಕ್ಕೆ ದಾಟುತ್ತದೆ, ಮರಿ ಸತ್ತು ಹುಟ್ಟುತ್ತವೆ. ಇಲ್ಲವೇ ಅದಕ್ಕಿಂತ ಕೆಟ್ಟದ್ದು: ನೋಡಲು ಚೆನ್ನಾಗಿರುತ್ತವೆ, ಮೈಯೊಳಗೆ ವೈರಸ್ ಇಟ್ಟುಕೊಂಡು ತಿಂಗಳುಗಟ್ಟಲೆ ಎಲ್ಲರಿಗೂ ಹಂಚುತ್ತವೆ.

ಹುಲಿಗೆಮ್ಮಕ್ಕ ಇವತ್ತು ಸಿಡಿದಳು. ಸಿರಿಂಜ್ ಹಿಡಿದು ದೊಡ್ಡಿಗೆ ಇಳಿಯುತ್ತಿದ್ದೆ.

"ನಿಂದ್ರು. ದಿನಾ ಬರ್ತಿ, ರಕ್ತ ತಗೊಂತಿ, ಹೊಕ್ಕಿ. ನನ್ನವು ಸಾಯಾಕತ್ತಾವ. ನೀ ಏನ್ ಕೊಟ್ಟಿ ಇವಕ್ಕ?"

"ಔಷಧ ಇಲ್ಲ ಅಕ್ಕಾ. ಜ್ವರ ಇಳಿಯಾಕ ಕೊಟ್ಟೀನಿ. ವೈರಸ್ಸಿಗೆ ಔಷಧನೇ ಇಲ್ಲ."

"ಮತ್ತ ಯಾಕ ರಕ್ತ?"

ಏನು ಹೇಳಲಿ? ಜೀನ್ ಅಂದರೆ ಅವಳಿಗೆ ಏನು? ನಿಧಾನಕ್ಕೆ ಹೇಳಿದೆ. "ಜಡ್ಡು ಒಳಗ ಬಂದ ಕೂಡ್ಲೇ ಮೈ ಎಚ್ಚರ ಆಗತೈತಿ ಅಕ್ಕಾ. ಕೆಲವು ಮೈ ಲಗೂ ಎಚ್ಚರ ಆಗ್ತಾವ, ಕೆಲವು ತಡಾ ಮಾಡ್ತಾವ. ರಕ್ತದಾಗ ಅದು ಗೊತ್ತಾಗತೈತಿ. ತಡಕೊಳ್ಳೋ ತಳಿ ಯಾವುದು ಅಂತ ಗೊತ್ತಾದ್ರ, ಮುಂದ ಅದರ ಮರೀನ ಬೆಳಸಬಹುದು."

"ಮುಂದ," ಅಂದಳು. "ನಿಂದು ಬರೇ ಮುಂದ."

ಸಿರಿಂಜ್ ಪೆಟ್ಟಿಗೆಗೆ ಹಾಕಿ ಸಲಿಕೆ ತೆಗೆದುಕೊಂಡೆ. ಇಬ್ಬರೂ ಸೇರಿ ಆಳುದ್ದ ಗುಂಡಿ ತೋಡಿದೆವು. ಸುಣ್ಣ, ಹಂದಿ, ಮತ್ತೆ ಸುಣ್ಣ. ಮಧ್ಯಾಹ್ನ ಎರಡಾಯಿತು. ಅಂಗೈಯಲ್ಲಿ ಬೊಬ್ಬೆ. ಅವಳು ಜೋಳದ ರೊಟ್ಟಿ, ಪುಂಡಿಪಲ್ಲೆ ಕೊಟ್ಟಳು. ಉಂಡೆ. ಆಮೇಲೆ ಅವಳೇ ಹಗ್ಗ ಎತ್ತಿಕೊಂಡು ಹರಕುಗಿವಿಯ ಕಡೆ ನಡೆದಳು.

"ಬಾ. ಈಕಿದು ಮೊದಲ ತಗೊ."

ಹಗ್ಗ ಕಡಿಯುವ ಶಕ್ತಿಯೂ ಅವಳಿಗಿರಲಿಲ್ಲ.

ಫೆಬ್ರವರಿ 1, ಶನಿವಾರ. ಮಸ್ಕಿ, ಬೆಳಿಗ್ಗೆ 8

ಹರಕುಗಿವಿ ಎದ್ದು ನಿಂತಿದ್ದಾಳೆ.

ಥರ್ಮಾಮೀಟರ್ ಎರಡು ಸಲ ಹಾಕಿದೆ. 102.4. ಜ್ವರವೇ ಅಲ್ಲ! ಮೂರೇ ದಿನ. ಕಿವಿ ನೇರಳೆಯಾಗಿಲ್ಲ. ಮುಸುರೆ ತೊಟ್ಟಿಗೆ ಮೂತಿ ಹಾಕಿ ಪಕ್ಕದವಳನ್ನು ತಳ್ಳುತ್ತಿದ್ದಾಳೆ. ಹುಲಿಗೆಮ್ಮಕ್ಕ ಅಳುತ್ತ ನಗುತ್ತ ಬೈಯುತ್ತಿದ್ದಳು.

ಇನ್ನೂ ಇದೆ. ಅವಳ ಹೋದ ಸಲದ ಮೂರು ಮರಿ — ಈಗ ಬೆಳೆದಿವೆ — ಅವಕ್ಕೂ ಜ್ವರ ಬಂದಿತ್ತು, ಅವೂ ಎದ್ದಿವೆ. ಬೇರೆ ಯಾವುದೂ ಎದ್ದಿಲ್ಲ. ತಾಯಿ ಮತ್ತು ಮೂರು ಮಕ್ಕಳು! ನಾಲ್ಕೂ ನನ್ನ ಹನ್ನೊಂದರಲ್ಲಿ ಇವೆ!

ಅಕ್ಷರ ಸೊಟ್ಟ. ನಿಧಾನ, ತಮನ್ನಾ. ನಾಲ್ಕೇ ಪ್ರಾಣಿ. ಕಾಕತಾಳೀಯ ಇರಬಹುದು. ಜ್ವರ ಬಂದಿದ್ದು ಇದೇ ವೈರಸ್ಸಿಗೋ ಅಂತಲೂ ರಕ್ತ ನೋಡಿಯೇ ಹೇಳಬೇಕು.

ಆದರೂ. ಆದರೂ!

ಫೆಬ್ರವರಿ 11, ಮಂಗಳವಾರ

ಹತ್ತು ದಿನ ಬರೆದಿಲ್ಲ. ಹದಿನಾರು ಹೂತೆವು. ಅಕ್ಕನ ಇಪ್ಪತ್ಮೂರರಲ್ಲಿ ಉಳಿದದ್ದು ಏಳು. ಹರಕುಗಿವಿ, ಅವಳ ಮೂರು, ಮತ್ತೆ ಮೂರು ಬಡಕಲು, ಇನ್ನೂ ತೂರಾಡುವವು.

ದುರುಗಪ್ಪ ಒಮ್ಮೆ ಬಂದಿದ್ದ. ಅಕ್ಕನ ಎದುರು ನಿಲ್ಲಲಾಗದೆ ಗುಂಡಿ ಮುಚ್ಚುವ ಕೆಲಸಕ್ಕೆ ಇಳಿದ. ಅವಳು ನೀರು ಕೊಟ್ಟಳು. ಮಾತಾಡಲಿಲ್ಲ.

ಇವತ್ತು ಲಾರಿ ಬಂತು. ರಾಜ್ಯದ ಗಡಿಯಾಚೆಯ ಹಂದಿ ವ್ಯಾಪಾರಿ. ರೋಗ ಬಿದ್ದ ಊರುಗಳಿಗೆ ಹೀಗೇ ಬರುತ್ತಾರಂತೆ, ಹೆದರಿದವರು ಸಿಕ್ಕಷ್ಟಕ್ಕೆ ಕೊಡುತ್ತಾರೆ. ಅವನ ಕಣ್ಣು ನೇರವಾಗಿ ಗಬ್ಬದ ಹರಕುಗಿವಿಯ ಮೇಲೆ. ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಅದು ನನ್ನ ಥೀಸಿಸ್‌ಗಾಗಿ ಎಂದಾಗುತ್ತಿತ್ತು. ಹದಿನಾರು ಕಳೆದುಕೊಂಡವಳಿಗೆ ಮಾರಬೇಡ ಅನ್ನಲು ನಾನ್ಯಾರು?

ಹುಲಿಗೆಮ್ಮಕ್ಕ ನನ್ನನ್ನು ಹಿತ್ತಲಿಗೆ ಕರೆದಳು.

"ಖರೇ ಹೇಳು. ಈಕಿ ಹೊಟ್ಯಾಗಿನ ಮರೀಗೆ ಜಡ್ಡು ಇರತೈತೇನು?"

"ಇರಬಹುದು. ಇಲ್ಲದಿರಬಹುದು. ಹುಟ್ಟಿದ ಮ್ಯಾಗ ರಕ್ತ ನೋಡಿದ್ರನ ಗೊತ್ತಾಗೋದು ಅಕ್ಕಾ."

"ಇದ್ರ, ತಗೊಂಡವನ ಮನಿಗೆ ಹೊಕ್ಕತಿ?"

"ಹೊಕ್ಕತಿ."

ಸೆರಗು ಬಿಗಿದುಕೊಂಡು ಹೊರಗೆ ಹೋದಳು. "ಕೊಡಂಗಿಲ್ಲಪ. ನಡಿ."

"ನಾಳೆ ಸತ್ರ ಏನ್ ಮಾಡ್ತಿಯವ್ವ?"

"ಸತ್ರ ನಮ್ಮ ಮನ್ಯಾಗ ಸಾಯಲಿ. ನಮ್ಮ ತಮ್ಮ ಮಾಡಿದ್ದು ನಾ ಮಾಡಂಗಿಲ್ಲ."

ಲಾರಿ ಹೋಯಿತು. ಅವಳ ಕೈ ಹಿಡಿದುಕೊಂಡೆ. ಬಿಡಿಸಿಕೊಂಡಳು. "ನಿನ್ನ ಸಂಬಂಧ ಅಲ್ಲ ಮತ್ತ," ಅಂದಳು.

ಫೆಬ್ರವರಿ 19, ಬುಧವಾರ. ಬೀದರ್, ಲ್ಯಾಬ್

ನೈಟ್ರೋಜನ್ ಕ್ಯಾನ್ ಮೂರು ಬಸ್ ಬದಲಿಸಿ ಬಂತು. ಕಲಬುರಗಿಯಲ್ಲಿ ಕಂಡಕ್ಟರ್, "ಒಳಗ ಏನೈತ್ರಿ, ಹೊಗಿ ಬರಾಕತ್ತತಿ?" ಹಂದಿ ರಕ್ತ ಅಂದೆ. ಅಕ್ಕಪಕ್ಕದ ಎರಡು ಸೀಟೂ ಖಾಲಿಯಾದವು. ಕಾಲು ಚಾಚಿಕೊಂಡು ಬಂದೆ.

ಆರ್‌ಎನ್‌ಎ ತೆಗೆದಾಯಿತು. ಚೂರಾಗಿಲ್ಲ. ಐವತ್ತೊಂದು ಟ್ಯೂಬಿನಲ್ಲಿ ನಲವತ್ತೊಂಬತ್ತು ಗಟ್ಟಿ! ಎಮ್ಮೆಗಳ ಕ್ಯಾನ್‌ಗೆ ಜಯ.

ಮಾರ್ಚ್ 4, ಮಂಗಳವಾರ. ಬೀದರ್

ರಂಜಾನಿನ ಮೂರನೇ ರೋಜಾ, ಉಪವಾಸದ ದಿನ. ಹಸಿವೆಯೂ ನೆನಪಾಗಲಿಲ್ಲ.

ಮೊದಲು ವೈರಸ್. ಹನ್ನೊಂದರಲ್ಲೂ ಇತ್ತು. ಹರಕುಗಿವಿಯಲ್ಲೂ. ಅಂದರೆ ಅವಳು ತಪ್ಪಿಸಿಕೊಂಡವಳಲ್ಲ. ಹೊಡೆತ ತಿಂದು ನಿಂತವಳು.

ಆಮೇಲೆ ಜೀನ್‌ಗಳು. ವೈರಸ್ ಕಂಡೊಡನೆ ಎಚ್ಚರವಾಗುವ ಆರು ಜೀನ್‌ಗಳನ್ನು ನೋಡಿದೆ. ಸತ್ತವುಗಳಲ್ಲಿ: ಮೊದಲ ದಿನ, ಅಂದರೆ ಜನವರಿ 27ಕ್ಕೆ, ನಿಶ್ಶಬ್ದ. ಮೂರನೇ ದಿನವೂ ಅಷ್ಟಕ್ಕಷ್ಟೇ. ಐದನೇ ದಿನ ಒಮ್ಮೆಲೇ ಮುನ್ನೂರು, ನಾನೂರು ಪಟ್ಟು. ಇಳಿಯುವುದೇ ಇಲ್ಲ. ಸಾಯುವ ದಿನದವರೆಗೆ ಹಾಗೇ. ಅಷ್ಟು ಹೊತ್ತಿಗೆ ವೈರಸ್ ಎಲ್ಲೆಲ್ಲೂ. ಮೈ ತನ್ನನ್ನೇ ಸುಟ್ಟುಕೊಂಡಿದೆ.

ಹರಕುಗಿವಿ: ಜನವರಿ 27ರ ಟ್ಯೂಬ್. ಜ್ವರವೇ ಇನ್ನೂ ಬಂದಿರಲಿಲ್ಲ. ಆಗಲೇ ನಲವತ್ತು ಪಟ್ಟು! ಜ್ವರ ಏರುವ ಮೊದಲೇ ಮೈ ಎದ್ದು ಕೂತಿದೆ. ಫೆಬ್ರವರಿ ಒಂದಕ್ಕೆ ಹೆಚ್ಚುಕಡಿಮೆ ಮೊದಲಿನಂತೆ. ಬೇಗ ಎದ್ದು, ಕೆಲಸ ಮುಗಿಸಿ, ಮಲಗಿದೆ. ಮೂರು ಮಕ್ಕಳದೂ ಅದೇ ಗೆರೆ. ಒಂದರ ಮೇಲೊಂದು ಇಟ್ಟರೆ ನಾಲ್ಕು ಗೆರೆ ಒಂದೇ ಗೆರೆ.

ಮತ್ತೊಮ್ಮೆ ಮೊದಲಿನಿಂದ ಮಾಡಿದೆ. ಟ್ಯೂಬಿನ ಹೆಸರು ಮುಚ್ಚಿ, ಜೂನಿಯರ್ ಐಶ್ವರ್ಯಾಳ ಕೈಯಲ್ಲಿ ಮಾಡಿಸಿದೆ. ಅದೇ. ಅವಳು ಚೀರಿದಳು, ನಾನೂ ಚೀರಿದೆ. ಗೈಡ್ ಸರ್ ಬಾಗಿಲಿಗೆ ಬಂದು ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ಪರದೆ ನೋಡಿದರು. "ಸಣ್ಣ ಸಂಖ್ಯೆ. ಅವಸರ ಬೇಡ," ಅಂದರು. ಅವರ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಹುಲಿಗೆಮ್ಮಕ್ಕನಿಗೆ ಫೋನು. "ಹರಕುಗಿವಿ ಮೈ ಜ್ವರ ಬರೋಕಿಂತ ಮೊದಲ ಎಚ್ಚರ ಆಗೈತಿ ಅಕ್ಕಾ! ಮಕ್ಕಳದೂ ಹಂಗಾ!"

"ಆಕಿ ಮೊದಲಿಂದ ಹಂಗಾ. ಹಗ್ಗ ನೋಡಿದ್ರನ ಎದ್ದು ನಿಂದ್ರತಾಳ." ಅದರ ಹಿಂದೆಯೇ, "ಮತ್ತ ಹೊಟ್ಯಾಗಿನವು?"

ಅಷ್ಟೂ ಸಂಭ್ರಮ ಒಂದು ಪ್ರಶ್ನೆಗೆ ಕೂತುಬಿಟ್ಟಿತು. 'ಮುಂದ' ಏನು ಅಂತ ಈಗ ಕೇಳುವವಳು ಅವಳು. ನನ್ನ ಹತ್ತಿರ ಇರುವುದು ಬರೀ ಗ್ರಾಫ್. ಅವು ವೈರಸ್ ಹೊತ್ತು ಹುಟ್ಟಿದರೆ ನಾನೇ ಕೊಲ್ಲಬೇಕು. ಅದು ಅವಳಿಗೂ ಗೊತ್ತು.

ಮಾರ್ಚ್ 17, ಸೋಮವಾರ. ಮಸ್ಕಿ

ಒಂಬತ್ತು!

ಬೆಳಿಗ್ಗೆ ಹತ್ತಕ್ಕೆ ಶುರು. ಒಂದೊಂದೂ ಜಾರಿ ಬಿದ್ದ ಕೂಡಲೇ, ಮೊಲೆ ಹಿಡಿಯುವ ಮೊದಲೇ, ಹೊಕ್ಕುಳಬಳ್ಳಿಯ ರಕ್ತ ಟ್ಯೂಬಿಗೆ. ಹುಲಿಗೆಮ್ಮಕ್ಕ ಹಿಡಿಯುತ್ತಾಳೆ, ನಾನು ಹಿಂಡುತ್ತೇನೆ, ದುರುಗಪ್ಪ ಹೆಸರಿನ ಚೀಟಿ ಅಂಟಿಸುತ್ತಾನೆ. ಅಕ್ಕ ಅವನನ್ನು ತಾನೇ ಕರೆಸಿದ್ದಳು. ಒಂದೂವರೆ ತಿಂಗಳ ಮೇಲೆ ಮೊದಲ ಮಾತು: "ಲೇ, ಸೀದಾ ಅಂಟಸು."

ಆರನೆಯದು ಉಸಿರಾಡಲಿಲ್ಲ. ಅಕ್ಕ ಅದರ ಹಿಂಗಾಲು ಹಿಡಿದು ಬೀಸಿದಳು, ಎದೆ ಉಜ್ಜಿದಳು. ನಾನು ಮೂಗಿಗೆ ಹುಲ್ಲುಕಡ್ಡಿ ಹಾಕಿದೆ. ಏನಿಲ್ಲ. ಏನಿಲ್ಲ. ಆಮೇಲೆ ಒಂದು ಸೀನು! ಮೂವರೂ ಒಟ್ಟಿಗೆ ನಕ್ಕೆವು.

ಒಂಬತ್ತೂ ಜೀವಂತ. ನೋಡಲು ಬಲು ಚೆಂದ. ಅದೇ ಭಯ. ಹೊತ್ತುಕೊಂಡವೂ ಹೀಗೇ ಚೆಂದ ಇರುತ್ತವೆ.

ಮನೆಗೆ ಬಂದಾಗ ಇಫ್ತಾರಿಗೆ ಹತ್ತು ನಿಮಿಷ. ಬಕೆಟ್, ಬಚ್ಚಲು. ತಲೆಯಿಂದ ನೀರು ಸೋರುತ್ತಲೇ ಖರ್ಜೂರ ಬಾಯಿಗೆ. ದಾದಿ ಮೆಲ್ಲಗೆ, "ಎಷ್ಟು ಹಾಕೈತಿ?"

"ನೌ, ದಾದಿ."

"ಸಬ್ ಜಿಂದಾ?"

"ಸಬ್."

ಅವಳು ದುವಾಕ್ಕೆ, ಪ್ರಾರ್ಥನೆಗೆ, ಕೈ ಎತ್ತಿದಳು.

ಮಾರ್ಚ್ 20, ಗುರುವಾರ. ಬೀದರ್, ಲ್ಯಾಬ್, ಮಧ್ಯಾಹ್ನ 3.40

ಯಂತ್ರ ಓಡುತ್ತಿದೆ. ನಲವತ್ತು ಸುತ್ತು. ವೈರಸ್ ಇದ್ದರೆ ಯಾವುದಾದರೂ ಸುತ್ತಿನಲ್ಲಿ ಗೆರೆ ನೆಲ ಬಿಟ್ಟು ಏಳುತ್ತದೆ. ಇಲ್ಲದಿದ್ದರೆ ಕೊನೆವರೆಗೂ ಚಪ್ಪಟೆ. ಒಂಬತ್ತು ಗೆರೆ ನೀಲಿ. ದಢೇಸುಗೂರಿನ ಸತ್ತ ಹಂದಿಯದು ಕೆಂಪು, ಯಂತ್ರ ಸರಿಯಿದೆಯೋ ನೋಡಲು.

ಸುಮ್ಮನೆ ಕೂರಲಾಗುತ್ತಿಲ್ಲ. ಬರೆಯುತ್ತೇನೆ.

ಇಪ್ಪತ್ತೆರಡು. ಕೆಂಪು ಎದ್ದಿತು. ಯಂತ್ರ ಸರಿಯಿದೆ. ನೀಲಿ ಕೆಳಗೆ.

ಇಪ್ಪತ್ತೆಂಟು. ಕೆಳಗೆ. ಹಿಂದೆ ನಿಂತ ಐಶ್ವರ್ಯಾಳ ಉಸಿರು ಕೇಳಿಸುತ್ತಿದೆ.

ಮೂವತ್ಮೂರು. ಕೆಳಗೆ. ಆರನೆಯದು ಒಂಚೂರು ಅಲುಗಿತೇ? ಇಲ್ಲ. ನನ್ನ ಕಣ್ಣು.

ಮೂವತ್ತಾರು. ಹುಲಿಗೆಮ್ಮಕ್ಕನ ಫೋನು. ನಾಲ್ಕಕ್ಕೆ ಮಾಡುತ್ತೇನೆ ಅಂದಿದ್ದೆ, ಅವಳಿಗೆ ತಡೆಯಲಾಗಿಲ್ಲ. ಎತ್ತಲಿಲ್ಲ. ಇನ್ನು ನಾಲ್ಕೇ ಸುತ್ತು ಅಕ್ಕಾ.

ಮೂವತ್ತೆಂಟು. ಚಪ್ಪಟೆ.

ಮೂವತ್ತೊಂಬತ್ತು.

ನಲವತ್ತು. ಚಪ್ಪಟೆ. ಚಪ್ಪಟೆ. ಒಂದೂ ಎದ್ದಿಲ್ಲ! ಐಶ್ವರ್ಯಾ ಕುಣಿಯುತ್ತಿದ್ದಾಳೆ. ಮತ್ತೊಮ್ಮೆ ಮಾಡಬೇಕು, ತಿಂಗಳ ಮೇಲೆ ಮತ್ತೆ ರಕ್ತ ನೋಡಬೇಕು, ಗೊತ್ತು, ಎಲ್ಲ ಗೊತ್ತು — ಫೋನ್ ಮತ್ತೆ ಹೊಡೆದುಕೊಳ್ಳುತ್ತಿದೆ. ಎತ್ತುತ್ತೇನೆ. ಅಕ್ಕನಿಗೆ ಹೇಳಬೇಕಾದ್ದು ಒಂದೇ ಮಾತು: ಒಂಬತ್ತಕ್ಕೂ ಜಡ್ಡಿಲ್ಲ.